ಕೆರಿಬಿಯನ್ ಕಡಲಲ್ಲಿ ಒಂದು ದಿನ: ಮಾಸ್ಕ್ ಸರಿಯಾಗಿ ಕೂತರೆ ಮಾತ್ರ ಆಮೆ

ಬಾರ್ಬಡೋಸಿಗೆ ಹೋಗಿ ಕ್ಯಾಟಮರಾನ್ ದೋಣಿ ಹತ್ತಿದ ನಮ್ಮವರಲ್ಲಿ ಹಲವರು ಕಡಲಾಮೆ ನೋಡದೆಯೇ ವಾಪಸಾಗುತ್ತಾರೆ. ಆಮೆಗಳಿಗೇನೂ ಕೊರತೆ ಇರುವುದಿಲ್ಲ, ದೋಣಿಯ ಕೆಳಗೇ ಈಜಾಡುತ್ತಿರುತ್ತವೆ. ಆದರೆ ನೀರಿಗಿಳಿದ ಎರಡನೇ ನಿಮಿಷಕ್ಕೆ ಕಣ್ಣು ಮೂಗು ಮುಚ್ಚುವ ಈಜಿನ ಮಾಸ್ಕಿನೊಳಗೆ ಉಪ್ಪುನೀರು ನುಗ್ಗುತ್ತದೆ, ಕೆಮ್ಮು ಹತ್ತುತ್ತದೆ, ಏಣಿ ಹಿಡಿದು ಮೇಲೆ ಬಂದವರು ಮತ್ತೆ ಇಳಿಯುವುದಿಲ್ಲ. ಅಷ್ಟು ದೂರ ಹೋಗಿ, ಅಷ್ಟು ದುಡ್ಡು ಕೊಟ್ಟು, ಟವೆಲ್ ಹೊದ್ದು ಡೆಕ್ಕಿನ ಮೇಲೆ ಕೂರುವುದು ನಿಜಕ್ಕೂ ಬೇಸರದ ಸಂಗತಿ. ಹಿಂದಿನ ದಿನ ಒಂದು ಗಂಟೆ ಸೊಂಟಮಟ್ಟದ ನೀರಿನಲ್ಲಿ ಅಭ್ಯಾಸ ಮಾಡಿದ್ದರೆ ಇದನ್ನು ತಪ್ಪಿಸಬಹುದಿತ್ತು.

ಬಾರ್ಬಡೋಸನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದದ್ದು ಇಲ್ಲಿಯ ರಾಜಧಾನಿ ಬ್ರಿಜ್‌ಟೌನಿನಲ್ಲಿ, ಹಾಗಾಗಿ ಊರಿನ ಹೆಸರು ನಮಗೆ ಹೊಸದಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಲ್ಪಾವಧಿಯ ಪ್ರವಾಸಕ್ಕೆ ವೀಸಾ ಬೇಡ. ಆದರೆ ವಿಮಾನ ಲಂಡನ್, ಮಯಾಮಿ, ನ್ಯೂಯಾರ್ಕ್ ಅಥವಾ ಟೊರಾಂಟೊ ಮೇಲೆ ಹೋಗುವುದರಿಂದ ಆ ದೇಶದ ವೀಸಾ ನಿಯಮ ಮೊದಲು ನೋಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ದ್ವೀಪದ ಪಶ್ಚಿಮ ತೀರ ಗಾಳಿಗೆ ಮರೆಯಾಗಿದ್ದು ನೀರು ಶಾಂತ. ಪೂರ್ವದ ಬಾತ್‌ಶೀಬಾ ಕಡೆ ಅಟ್ಲಾಂಟಿಕ್ ಅಲೆಗಳು ಅಪ್ಪಳಿಸುತ್ತವೆ. ಅದು ನಿಂತು ನೋಡುವ ಜಾಗ, ಇಳಿಯುವ ಜಾಗವಲ್ಲ.

ದೋಣಿ ಗೊತ್ತುಮಾಡುವಾಗ

ಕ್ಯಾಟಮರಾನ್ ಎಂಬ ಹೆಸರು ತಮಿಳಿನ ಕಟ್ಟುಮರದಿಂದ ಬಂದದ್ದು, ನಮಗೆ ಬಿಡಿಸಿ ಹೇಳಬೇಕಿಲ್ಲ. ಈಗಿನದು ಎರಡು ಒಡಲುಗಳ ಹಾಯಿದೋಣಿ. ಅಗಲವಾಗಿರುವುದರಿಂದ ಒಂದೇ ಒಡಲಿನ ದೋಣಿಯಷ್ಟು ಪಕ್ಕಕ್ಕೆ ವಾಲುವುದಿಲ್ಲ. ಐವತ್ತು ಅರವತ್ತು ಜನರನ್ನು ತುಂಬಿಸಿಕೊಂಡು ಹಾಡು ಹಾಕಿ ಹೊರಡುವ ದೊಡ್ಡವೂ ಇವೆ, ಹನ್ನೆರಡು ಹದಿನೈದು ಜನರ ಚಿಕ್ಕವೂ ಇವೆ. ಸ್ನಾರ್ಕೆಲಿಂಗ್, ಅಂದರೆ ಮಾಸ್ಕ್ ಹಾಕಿ ಕೊಳವೆಯಿಂದ ಉಸಿರಾಡುತ್ತ ಬೋರಲು ತೇಲಿ ನೀರೊಳಗೆ ನೋಡುವುದು, ನಿಮ್ಮ ಉದ್ದೇಶವಾದರೆ ದುಬಾರಿಯಾದರೂ ಚಿಕ್ಕದನ್ನೇ ಹಿಡಿಯಿರಿ. ದೊಡ್ಡದರಲ್ಲಿ ಒಂದೇ ಏಣಿಗೆ ಅರ್ಧ ದೋಣಿ ಸಾಲು ನಿಲ್ಲುತ್ತದೆ, ಹೊಸಬರ ಕೈ ಹಿಡಿಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಬಂಧುಬಳಗವೇ ಹತ್ತು ಹನ್ನೆರಡು ಜನ ಇದ್ದರೆ ಇಡೀ ದೋಣಿಯ ಬಾಡಿಗೆ ಕೇಳಿ ನೋಡಿ, ತಲೆಗೆ ಹಂಚಿದಾಗ ವ್ಯತ್ಯಾಸ ಅಷ್ಟೇನೂ ಇರುವುದಿಲ್ಲ.

ಬುಕ್ ಮಾಡುವ ಮೊದಲು ಬರಹದಲ್ಲಿ ಕೇಳಬೇಕಾದ್ದು: ಗೈಡ್ ನಮ್ಮ ಜೊತೆ ನೀರಿಗೆ ಇಳಿಯುತ್ತಾರೆಯೇ? ಆಮೆಗಳಿಗೆ ತಿನ್ನಲು ಹಾಕುತ್ತೀರಾ? ಮಕ್ಕಳ ಅಳತೆಯ ಮಾಸ್ಕ್, ನೀರಿನಲ್ಲಿ ತೇಲಿಸುವ ವೆಸ್ಟ್ ಇವೆಯೇ? ಕನ್ನಡಕದವರಿಗೆ ಪವರ್ ಮಾಸ್ಕ್ ಇದೆಯೇ? ಹೋಟೆಲಿನಿಂದ ಕರೆದೊಯ್ಯುವುದು ದರದಲ್ಲಿ ಸೇರಿದೆಯೇ, ದರ ಬಾರ್ಬಡೋಸ್ ಡಾಲರಿನಲ್ಲೋ ಅಮೆರಿಕನ್ ಡಾಲರಿನಲ್ಲೋ? ಎರಡು ಬಾರ್ಬಡೋಸ್ ಡಾಲರ್ ಸೇರಿದರೆ ಒಂದು ಅಮೆರಿಕನ್ ಡಾಲರ್. ಇದನ್ನು ಕೇಳದೆ ಎರಡು ಪಟ್ಟು ಕೊಟ್ಟು ಬಂದವರಿದ್ದಾರೆ.

ಬೆಳಗಿನ ಪ್ರವಾಸವನ್ನೇ ಆರಿಸಿ. ಸಂಜೆಯದು ಸೂರ್ಯಾಸ್ತಕ್ಕೆ ಚೆಂದ, ನೀರಿನೊಳಗಿನ ಬೆಳಕಿಗಲ್ಲ. ಡಿಸೆಂಬರಿನಿಂದ ಮೇವರೆಗೆ ಒಣ ಹವೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಋತು, ಹೋಗಬಾರದೆಂದೇನಿಲ್ಲ, ಆದರೆ ರದ್ದಾದರೆ ಹಣ ವಾಪಸ್ ಬರುವ ಷರತ್ತು ಬೇಕು.

ಕ್ರೂಸ್ ಹಡಗಿನಲ್ಲಿ ಬಂದವರಿಗೆ ಒಂದು ಮಾತು. ಬಾರ್ಬಡೋಸಿನ ಗಡಿಯಾರ ವರ್ಷವಿಡೀ ಗ್ರೀನಿಚ್‌ಗಿಂತ 4 ಗಂಟೆ ಹಿಂದೆ, ಹಡಗಿನ ಗಡಿಯಾರ ಬೇರೆ ಇರಬಹುದು. ಹಡಗು ಹತ್ತುವ ಕೊನೆಯ ಸಮಯಕ್ಕೆ ಕನಿಷ್ಠ ಎರಡು ಗಂಟೆ ಮೊದಲೇ ಮುಗಿಯುವ ಪ್ರವಾಸ ಇರಲಿ.

ಹಿಂದಿನ ದಿನದ ಒಂದು ಗಂಟೆ

ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಒಮ್ಮೆ ಸ್ನಾರ್ಕೆಲ್ ಮಾಡಿದ್ದರೂ ಈ ಭಾಗವನ್ನು ಬಿಡಬೇಡಿ.

ಮಾಸ್ಕ್ ಮಾತ್ರ ಸ್ವಂತದ್ದಿರಲಿ. ಉಸಿರಾಡುವ ಕೊಳವೆ, ಕಾಲಿಗೆ ಹಾಕುವ ಈಜುರೆಕ್ಕೆ ಅಂದರೆ ಫಿನ್ ದೋಣಿಯಲ್ಲಿ ಕೊಡುತ್ತಾರೆ, ಅವು ಸಾಕು. ಆದರೆ ಮುಖಗಳ ಆಕಾರ ಒಂದೊಂದೂ ಬೇರೆ, ದೋಣಿಯ ಬುಟ್ಟಿಯಲ್ಲಿರುವ ಮಾಸ್ಕ್ ನಿಮ್ಮ ಮೂಗಿಗೆ ಹೊಂದುತ್ತದೆಂದು ಹೇಳಲಾಗದು. ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ: ಪಟ್ಟಿಯನ್ನು ಹಿಂದಕ್ಕೆ ಹಾಕದೆ ಮಾಸ್ಕನ್ನು ಮುಖಕ್ಕೆ ಇಡಿ, ಮೂಗಿನಿಂದ ಮೆಲ್ಲಗೆ ಉಸಿರೆಳೆಯಿರಿ, ಕೈ ಬಿಡಿ. ಎಳೆದ ಉಸಿರನ್ನು ಹಿಡಿದಿರುವಷ್ಟು ಹೊತ್ತೂ ಅದು ಮುಖಕ್ಕೆ ಅಂಟಿಕೊಂಡೇ ಇರಬೇಕು. ಜಾರಿದರೆ ಬೇರೆಯದು ನೋಡಿ, ಪಟ್ಟಿ ಬಿಗಿದು ಸರಿಮಾಡುತ್ತೇನೆ ಎನ್ನಬೇಡಿ. ಬಿಗಿದಷ್ಟೂ ಮೆತ್ತನೆಯ ಸಿಲಿಕೋನ್ ಅಂಚು ಮಡಚಿಕೊಂಡು ಇನ್ನಷ್ಟು ಸೋರುತ್ತದೆ. ಪಟ್ಟಿ ಕಿವಿಯ ಮೇಲ್ಗಡೆ, ತಲೆಯ ಹಿಂಭಾಗದ ಉಬ್ಬಿನ ಮೇಲೆ ಕೂರಬೇಕು, ಕತ್ತಿನ ಹತ್ತಿರ ಅಲ್ಲ.

ಸೋರುವುದಕ್ಕೆ ಇನ್ನುಳಿದ ಕಾರಣಗಳು ಸಣ್ಣವು, ಆದರೆ ಗೋಳಾಡಿಸುವಂಥವು. ಹಣೆಯ ಮೇಲಿನ ಒಂದೇ ಎಳೆ ಕೂದಲು ಅಂಚಿನ ಕೆಳಗೆ ಸಿಕ್ಕಿದರೂ ಅದರಗುಂಟ ನೀರು ಒಳಬರುತ್ತದೆ. ಉದ್ದ ಜಡೆಯವರು ಬಿಗಿಯಾಗಿ ಹೆಣೆದು, ಮುಂಗೂದಲನ್ನು ಪೂರ್ತಿ ಹಿಂದಕ್ಕೆ ಸರಿಸಿ. ಮೀಸೆಯವರು ಮೂಗಿನ ಕೆಳಗೆ ತೆಳ್ಳನೆಯ ಒಂದು ಪಟ್ಟಿಯಷ್ಟು ಬೋಳಿಸಿದರೆ ಅರ್ಧ ತೊಂದರೆ ಹೋಯಿತು. ಮನಸ್ಸಾಗದಿದ್ದರೆ ಅಲ್ಲಿ ಸಿಲಿಕೋನ್ ಗ್ರೀಸ್ ಹಚ್ಚಿ. ವ್ಯಾಸಲೀನ್ ಬೇಡ, ರಬ್ಬರ್ ಅಂಚಿನ ಮಾಸ್ಕನ್ನು ಅದು ಹಾಳುಮಾಡುತ್ತದೆ. ಹಣೆಗೆ, ಕಣ್ಣಿನ ಸುತ್ತ ಬಳಿದ ಸನ್‌ಸ್ಕ್ರೀನ್ ಅಂಚನ್ನು ಜಾರಿಸುತ್ತದೆ, ಕರಗಿ ಕಣ್ಣಿಗಿಳಿದು ಉರಿಸುತ್ತದೆ. ನೀರೊಳಗೆ ಮೀನು ಕಂಡ ಖುಷಿಗೆ ನಕ್ಕರೂ ಕೆನ್ನೆಯ ಗೆರೆಯಿಂದ ನೀರು ಬರುತ್ತದೆ, ಅದು ಮಾಸ್ಕಿನ ದೋಷವಲ್ಲ.

ಹೊಸ ಮಾಸ್ಕಿನ ಗಾಜಿನ ಒಳಮೈಗೆ ಕಾರ್ಖಾನೆಯ ತೆಳು ಪೊರೆ ಇರುತ್ತದೆ. ಬಿಳಿ ಟೂತ್‌ಪೇಸ್ಟನ್ನು ಬೆರಳಿನಿಂದ ಉಜ್ಜಿ ತೊಳೆಯಿರಿ, ಎರಡು ಮೂರು ಸಲ. ಇಲ್ಲದಿದ್ದರೆ ಏನು ಮಾಡಿದರೂ ಮಂಜು ಕಟ್ಟುತ್ತದೆ. ಆಮೇಲೆ ಪ್ರತಿ ಸಲ ಇಳಿಯುವಾಗ ಒಣ ಗಾಜಿಗೆ ಸ್ವಲ್ಪ ಉಗುಳಿ, ಸವರಿ, ಒಮ್ಮೆ ಸಮುದ್ರದ ನೀರಿನಲ್ಲಿ ಅದ್ದಿದರೆ ಸಾಕು. ಎಂಜಲು ಎಂದು ಸಂಕೋಚ ಪಡುವವರು ನೀರು ಬೆರೆಸಿದ ಬೇಬಿ ಶಾಂಪೂ ಒಯ್ಯಲಿ. ಇದಕ್ಕೆಂದೇ ಮಾರುವ ಸ್ಪ್ರೇಗಳಿಗೆ ದುಡ್ಡು ಹಾಕಬೇಡಿ.

ಮುಖವಿಡೀ ಮುಚ್ಚುವ ಒಂದೇ ತುಂಡಿನ ಮಾಸ್ಕ್ ಮಾತ್ರ ಬೇಡವೇ ಬೇಡ. ಮೂಗಿನಿಂದ ಉಸಿರಾಡಬಹುದೆಂದು ಹೊಸಬರು ಅದಕ್ಕೇ ಮರುಳಾಗುತ್ತಾರೆ. ಕಳಪೆ ವಿನ್ಯಾಸದವುಗಳಲ್ಲಿ ಬಿಟ್ಟ ಉಸಿರೇ ಒಳಗೆ ಸುತ್ತುತ್ತದೆ. ನೀರು ನುಗ್ಗಿದರೆ ಬಾಯಿಂದ ಕೊಳವೆ ಉಗುಳಿದಷ್ಟು ಬೇಗ ಅದನ್ನು ಕಳಚಲಾಗದು.

ಈಗ ಅಭ್ಯಾಸ. ಬ್ರಿಜ್‌ಟೌನ್ ಪಕ್ಕದ ಕಾರ್ಲೈಲ್ ಬೇ ಇದಕ್ಕೆ ಹೇಳಿ ಮಾಡಿಸಿದ ಜಾಗ; ನೀರಿನ ಮೇಲೋಡುವ ಸ್ಕೂಟರಿನಂಥ ಜೆಟ್ ಸ್ಕೀಗಳು ಶುರುವಾಗುವ ಮೊದಲು, ಬೆಳಿಗ್ಗೆ ಬೇಗ ಹೋಗಿ. ದಂಡೆಯಲ್ಲಿ ಕಾಂಡಕ್ಕೆ ಕೆಂಪು ಪಟ್ಟಿ ಬಳಿದ, ಪುಟ್ಟ ಹಸಿರು ಸೇಬಿನಂಥ ಕಾಯಿ ಬಿಟ್ಟ ಮರ ಕಂಡರೆ ಅದು ಮಾಂಚಿನೀಲ್. ಕಾಯಿ ವಿಷ, ಹಾಲು ತಗಲಿದರೆ ಚರ್ಮ ಬೊಬ್ಬೆ ಏಳುತ್ತದೆ. ಮಳೆ ಬಂದರೆ ಅದರಡಿ ನಿಲ್ಲಬೇಡಿ.

ಸೊಂಟಮಟ್ಟದ ನೀರಿನಲ್ಲಿ ನಿಂತು, ಕೊಳವೆಯ ತುದಿಯ ಎರಡು ಗುಬುಟುಗಳನ್ನು ಹಲ್ಲಿನಲ್ಲಿ ಮೆಲ್ಲಗೆ ಕಚ್ಚಿ, ತುಟಿಯಿಂದ ಸುತ್ತ ಮುಚ್ಚಿ. ಮುಖವನ್ನಷ್ಟೇ ನೀರಿನಲ್ಲಿಟ್ಟು ಇಪ್ಪತ್ತು ಉಸಿರು ಎಣಿಸಿ. ಒಳಗೆಳೆಯುವುದು ನಿಧಾನ, ಬಿಡುವುದು ಅದಕ್ಕಿಂತ ನಿಧಾನ. ಹೆದರಿದವರು ಚುರುಕಾಗಿ, ಮೇಲಿಂದ ಮೇಲೆ ಉಸಿರಾಡುತ್ತಾರೆ. ಆಗ ಕೊಳವೆಯಲ್ಲಿ ಉಳಿದ ಹಳೆಯ ಗಾಳಿಯೇ ಮತ್ತೆ ಒಳಗೆ ಹೋಗಿ, ಇನ್ನಷ್ಟು ಉಸಿರು ಕಟ್ಟಿದಂತಾಗಿ, ಗಾಬರಿ ಹೆಚ್ಚುತ್ತದೆ. ಉದ್ದ ಕೊಳವೆ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ, ಇದೇ ಕಾರಣಕ್ಕೆ.

ಇಪ್ಪತ್ತು ಉಸಿರು ಸಲೀಸಾದ ಮೇಲೆ ಬೇಕೆಂದೇ ಮಾಸ್ಕಿನ ಕೆಳ ಅಂಚನ್ನು ಎತ್ತಿ ನೀರು ತುಂಬಿಸಿ. ಮೇಲಂಚನ್ನು ಹಣೆಗೆ ಒತ್ತಿಹಿಡಿದು, ಮುಖ ಮೇಲೆತ್ತುತ್ತ ಮೂಗಿನಿಂದ ಜೋರಾಗಿ ಉಸಿರು ಬಿಡಿ. ನೀರು ಕೆಳಗಿನಿಂದ ಹೊರಟುಹೋಗುತ್ತದೆ. ಇದನ್ನು ಐದು ಸಲ ಮಾಡಿದವರಿಗೆ ಮಾಸ್ಕಿನೊಳಗೆ ನೀರು ಬಂದರೆ ಭಯವೇ ಆಗುವುದಿಲ್ಲ. ಕೊಳವೆಗೆ ನೀರು ಹೋದರೆ ನಾಲಿಗೆಯಿಂದ ಬಾಯಿ ಮುಚ್ಚಿ, ‘ಥೂ’ ಎಂದು ಒಂದೇ ಬಿರುಸಿನಲ್ಲಿ ಊದಿ. ಮುಂದಿನ ಉಸಿರನ್ನು ಹುಷಾರಾಗಿ ಎಳೆಯಿರಿ, ಒಂದೆರಡು ಹನಿ ಉಳಿದಿರುತ್ತದೆ. ಹೀಗೆ ಊದಲು ಉಸಿರು ಬೇಕು, ಆದ್ದರಿಂದ ಎದೆಯಲ್ಲಿ ಯಾವಾಗಲೂ ಒಂದಿಷ್ಟು ಗಾಳಿ ಇಟ್ಟುಕೊಳ್ಳುವ ಅಭ್ಯಾಸ ಬೇಕು.

ಈಜು ಬಾರದವರು ಇವೆಲ್ಲವನ್ನೂ ವೆಸ್ಟ್ ಹಾಕಿಕೊಂಡೇ ಮಾಡಿ. ಬಾಯಿಂದ ಊದುವ ಸ್ನಾರ್ಕೆಲ್ ವೆಸ್ಟ್ ಅರ್ಧ ತುಂಬಿಸಿದರೆ ಸಾಕು, ಕಾಲಸಂದಿಯ ಪಟ್ಟಿ ಹಾಕಲೇಬೇಕು, ಇಲ್ಲದಿದ್ದರೆ ಅದು ಕಿವಿಯವರೆಗೆ ಏರುತ್ತದೆ. ದಪ್ಪ ಫೋಮಿನ ಲೈಫ್ ಜಾಕೆಟ್ ಮುಖವನ್ನು ಮೇಲಕ್ಕೇ ತಳ್ಳುತ್ತದೆ. ಅದರ ಬದಲು ಕಂಕುಳಡಿ ಇಟ್ಟುಕೊಳ್ಳುವ ಉದ್ದನೆಯ ಫೋಮ್ ಕೋಲು ಕೇಳಿ ಪಡೆಯಿರಿ. ಹೃದಯದ ತೊಂದರೆ, ಅಧಿಕ ರಕ್ತದೊತ್ತಡ ಇದ್ದವರು ಹೊರಡುವ ಮುನ್ನ ವೈದ್ಯರನ್ನು ಕೇಳಲಿ.

ಮೈಮೇಲೆ ಏನಿರಬೇಕು

ಬ್ರಿಜ್‌ಟೌನ್ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ಬೆಂಗಳೂರು ಮಂಗಳೂರುಗಳ ನೇರದಲ್ಲೇ. ಬಿಸಿಲಿಗೆ ನಾವು ಹೊಸಬರಲ್ಲ ಎಂಬ ಧೈರ್ಯ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಗಾಳಿ ತಂಪಾಗಿ ಬೀಸುತ್ತ ಉರಿ ತಿಳಿಯಗೊಡುವುದಿಲ್ಲ. ನೀರಿನ ಮೇಲೆ ಮುಕ್ಕಾಲು ಗಂಟೆ ಬೋರಲು ತೇಲಿದವರ ಬೆನ್ನು, ಮೊಣಕಾಲ ಹಿಂಭಾಗ ಸಂಜೆಗೆ ಕೆಂಡವಾಗಿರುತ್ತದೆ. ತುಂಬುತೋಳಿನ ಈಜಿನ ಅಂಗಿ, ಉದ್ದನೆಯ ಈಜಿನ ಲೆಗ್ಗಿಂಗ್ಸ್ ಹಾಕಿ. ಮೈ ಮುಚ್ಚಿದಷ್ಟೂ ಕ್ರೀಮು ಕಡಿಮೆ ಸಾಕು. ಉಳಿದ ಕಡೆಗೆ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಬಳಸಿ. ಆಕ್ಸಿಬೆಂಜೋನ್ ಹವಳಕ್ಕೆ ಕೇಡೆಂದು ಅಮೆರಿಕದ ವರ್ಜಿನ್ ದ್ವೀಪಗಳು 2020ರಲ್ಲೇ ಅದನ್ನು ನಿಷೇಧಿಸಿವೆ. ಹತ್ತಿಯ ಚೂಡಿದಾರ, ಜೀನ್ಸ್ ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ, ಅಪಾಯ. ಉಂಗುರ, ತಾಳಿ, ಸರ ಹೋಟೆಲಿನ ಲಾಕರಿನಲ್ಲಿರಲಿ. ನೀರಿನಲ್ಲಿ ಬೆರಳು ಸಣ್ಣಗಾಗಿ ಉಂಗುರ ಕಳಚಿದ್ದೇ ತಿಳಿಯುವುದಿಲ್ಲ.

ಸೈನಿಕರ ಹಸಿರು-ಕಂದು ಮಚ್ಚೆಯ ಬಟ್ಟೆ ಬಾರ್ಬಡೋಸಿನಲ್ಲಿ ಸಾರ್ವಜನಿಕರಿಗೆ ಕಾನೂನುಬಾಹಿರ. ಮಕ್ಕಳ ಚಡ್ಡಿಗೂ ಇದು ಅನ್ವಯ, ಪ್ಯಾಕ್ ಮಾಡುವಾಗಲೇ ನೋಡಿ.

ಹತ್ತುವುದು, ಇಳಿಯುವುದು

ಹೆಚ್ಚಿನ ದೋಣಿಗಳು ಹೊರಡುವುದು ಬ್ರಿಜ್‌ಟೌನ್ ಬಂದರಿನ ಶ್ಯಾಲೋ ಡ್ರಾಫ್ಟ್ ಎಂಬ ಕಡೆಯಿಂದ. ಟ್ಯಾಕ್ಸಿಯವರಿಗೆ ಆ ಹೆಸರೇ ಹೇಳಿ, ಬಂದರು ಎಂದಷ್ಟೇ ಹೇಳಿದರೆ ಕ್ರೂಸ್ ಹಡಗಿನ ಗೇಟಿಗೆ ಒಯ್ಯುತ್ತಾರೆ. ಚಪ್ಪಲಿ ಹತ್ತುವಾಗಲೇ ಬಿಡಬೇಕು. ವಾಂತಿಯ ಭಯವಿದ್ದರೆ ಅವೊಮಿನ್‌ನಂಥ ಮಾತ್ರೆಯನ್ನು ಒಂದೆರಡು ಗಂಟೆ ಮೊದಲೇ ತೆಗೆದುಕೊಳ್ಳಬೇಕು, ತಲೆ ಸುತ್ತತೊಡಗಿದ ಮೇಲೆ ನುಂಗಿ ಫಲವಿಲ್ಲ. ಅದು ನಿದ್ದೆ ತರಿಸುತ್ತದೆ, ನುಂಗಿದ ದಿನ ಮದ್ಯ ಮುಟ್ಟಬಾರದು. ಬರಿಹೊಟ್ಟೆಯೂ ಬೇಡ. ದೋಣಿಯ ಹಿಂಭಾಗದ ನಡುವೆ ಕೂತು ದಿಗಂತ ನೋಡಿ, ಮೊಬೈಲ್ ನೋಡಬೇಡಿ. ಮುಂದಿನ ಬಲೆಯ ಮೇಲೆ ಮಲಗುವುದು ಸೊಗಸು, ಆದರೆ ಅದರ ಕಣ್ಣುಗಳಿಂದ ಫೋನ್ ಸೀದಾ ಸಮುದ್ರಕ್ಕೆ ಬೀಳುತ್ತದೆ.

ಈಜು ಬಾರದಿದ್ದರೆ ಹತ್ತಿದ ಕೂಡಲೇ ಸಿಬ್ಬಂದಿಗೆ ಹೇಳಿ, ನಾಚಿಕೆ ಬೇಡ. ಫಿನ್ ಹಾಕಿಕೊಂಡು ಡೆಕ್ಕಿನ ಮೇಲೆ ನಡೆದರೆ ಮುಗ್ಗರಿಸುವುದು ಖಂಡಿತ. ಏಣಿಯ ಕೊನೆಯ ಮೆಟ್ಟಿಲಲ್ಲಿ ಕೂತು, ಪಾದ ಒದ್ದೆ ಮಾಡಿಕೊಂಡು ಹಾಕಿ. ಎಲ್ಲರೂ ಹಾರುತ್ತಾರೆಂದು ಹಾರಬೇಡಿ. ಮಾಸ್ಕನ್ನು ಹಣೆಗೇರಿಸಬೇಡಿ, ಬೆವರಿಗೆ ಮಂಜು ಕಟ್ಟುತ್ತದೆ, ಅಲೆ ಬಡಿದರೆ ಕಳೆದೇ ಹೋಗುತ್ತದೆ. ಕತ್ತಿಗೆ ಇಳಿಸಿಕೊಳ್ಳಿ. ಕಾಲನ್ನು ಸೈಕಲ್ ತುಳಿದಂತೆ ಮಡಚದೆ, ಸೊಂಟದಿಂದ ನಿಧಾನಕ್ಕೆ ಬೀಸಿ. ಮೊದಲು ಸೆಳೆತಕ್ಕೆ ಎದುರಾಗಿ ಹೋಗಿ, ದಣಿದಾಗ ಅದೇ ನಿಮ್ಮನ್ನು ದೋಣಿಗೆ ತರುತ್ತದೆ. ಎರಡೆರಡು ನಿಮಿಷಕ್ಕೆ ತಲೆಯೆತ್ತಿ ದೋಣಿ ಎಲ್ಲಿದೆ ನೋಡಿ. ಪಶ್ಚಿಮ ತೀರದಲ್ಲಿ ಜೆಟ್ ಸ್ಕೀಗಳ ಓಡಾಟ ಹೆಚ್ಚು, ಗೈಡಿನ ಗುಂಪು ಬಿಟ್ಟು ದೂರ ಹೋಗಲೇಬೇಡಿ.

ಇಲ್ಲಿ ಹೆಚ್ಚಾಗಿ ಸಿಗುವುದು ಹಸಿರು ಕಡಲಾಮೆ, ಗಿಡುಗಕೊಕ್ಕಿನ ಆಮೆ. 1998ರಿಂದ ಇವುಗಳ ಬೇಟೆಗೆ ನಿಷೇಧವಿದೆ. ಅಟ್ಟಿಸಿಕೊಂಡು ಹೋದರೆ ಮೂರು ಬೀಸಿಗೆ ಕಣ್ಮರೆ. ಕೈಕಾಲು ಆಡಿಸದೆ ಸುಮ್ಮನೆ ತೇಲಿದರೆ ಅವೇ ಕೆಳಗಿನಿಂದ ಬರುತ್ತವೆ: ಮೊದಲು ಮಸುಕು ಮಚ್ಚೆ, ಆಮೇಲೆ ಬೆನ್ನಿನ ಫಲಕಗಳ ಮೇಲೆ ಅಲುಗುವ ಬಿಸಿಲಿನ ಬಲೆ, ಕೊನೆಗೆ ನೀರಿನ ಮೇಲೆ ಮೂಗು ತೂರಿ ಉಸಿರು ಬಿಡುವ ಸದ್ದು. ಉಸಿರಿಗೆ ಮೇಲೆ ಬರುವ ಆಮೆಯ ದಾರಿಗೆ ಅಡ್ಡ ಇರಬೇಡಿ, ಎರಡು ಮೂರು ಮೀಟರ್ ದೂರವಿರಿ, ಮುಟ್ಟಬೇಡಿ. ಮೀನು ಹಾಕಿ ರೂಢಿ ಮಾಡಿಸಿದ ಆಮೆಗಳು ಬೆರಳನ್ನೂ ತಿಂಡಿಯೆಂದು ಕಚ್ಚುತ್ತವೆ, ಮುಷ್ಟಿ ಮಡಚಿರಲಿ. ಎರಡನೇ ನಿಲ್ದಾಣ ಸಾಮಾನ್ಯವಾಗಿ ಕಾರ್ಲೈಲ್ ಬೇಯ ಮುಳುಗಿದ ಹಡಗುಗಳು. 1919ರಲ್ಲಿ ಮುಳುಗಿದ ಬರ್ವಿನ್ ಎಷ್ಟು ಮೇಲಿದೆಯೆಂದರೆ ತೇಲುತ್ತಲೇ ಹವಳ ಮೆತ್ತಿದ ಕಬ್ಬಿಣ ಕಾಣುತ್ತದೆ. ಅದರ ಮೇಲೆ ನಿಲ್ಲಬೇಡಿ.

ಊಟ ಮತ್ತು ಆಮೇಲೆ

ರಮ್ ಪಂಚಿನಲ್ಲಿ ಸ್ಥಳೀಯ ಲೆಕ್ಕದಂತೆ ಒಂದು ಪಾಲು ಹುಳಿ, ಎರಡು ಸಿಹಿ, ಮೂರು ಪಾಲು ರಮ್ಮೇ ಇರುತ್ತದೆ. ಎರಡನೇ ಈಜು ಮುಗಿಯುವವರೆಗೆ ನೀರು, ಹಣ್ಣಿನ ರಸ ಮಾತ್ರ.

ಸಸ್ಯಾಹಾರಿಗಳು ‘ವೆಜಿಟೇರಿಯನ್’ ಎಂದಷ್ಟೇ ಹೇಳಿ ನಿಶ್ಚಿಂತರಾಗಬೇಡಿ. ಅಲ್ಲಿಯ ‘ರೈಸ್ ಅಂಡ್ ಪೀಸ್’ ನೋಡಲು ನಮ್ಮ ತೊಗರಿಕಾಳಿನ ಅನ್ನ, ಕಾಳೂ ಹೆಚ್ಚಾಗಿ ತೊಗರಿಯೇ. ಆದರೆ ರುಚಿಗೆ ಉಪ್ಪು ಹಾಕಿಟ್ಟ ಮಾಂಸ ಸೇರಿಸುವ ರೂಢಿ ಇದೆ. ಚೀಸ್ ಸುರಿದು ಬೇಯಿಸಿದ ಮ್ಯಾಕರೋನಿ ಪೈಯಲ್ಲಿ ಮೊಟ್ಟೆ ಇರಬಹುದು. ಮೀನು ಬೇಡ, ಮಾಂಸದ ಸಾರು ಬೇಡ, ಉಪ್ಪುಮಾಂಸ ಬೇಡ, ಮೊಟ್ಟೆ ಬೇಡ ಎಂದು ಒಂದೊಂದಾಗಿ ಬುಕಿಂಗಿನಲ್ಲೇ ಬರೆಯಿರಿ. ತಿನ್ನುವವರಿಗೆ ಹಾರುವ ಮೀನು ತಪ್ಪಿಸಿಕೊಳ್ಳಬಾರದ್ದು.

ಇಳಿಯುವಾಗ ಸಿಬ್ಬಂದಿಗೆ ದರದ ನೂರಕ್ಕೆ ಹತ್ತು ಹದಿನೈದರಷ್ಟು ನಗದು ಕೊಡುವುದು ವಾಡಿಕೆ. ನೀರಿನಲ್ಲಿ ಕೈ ಹಿಡಿದ ಗೈಡಿಗೆ ಬೇರೆಯಾಗಿ ಕೊಡಿ. ಹೋಟೆಲಿಗೆ ಬಂದ ಮೇಲೆ ಕಿವಿಗೆ ಕಡ್ಡಿ ಹಾಕಬೇಡಿ, ತಲೆ ವಾಲಿಸಿ ನೀರಿಳಿಸಿ. ಮಾಸ್ಕನ್ನು ಸಿಹಿನೀರಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ, ಕೊಂಡಾಗ ಬಂದ ಗಟ್ಟಿ ಡಬ್ಬಿಯಲ್ಲೇ ಇಡಿ. ಸೂಟ್‌ಕೇಸಿನಲ್ಲಿ ಬಟ್ಟೆಯಡಿ ಒತ್ತಿಟ್ಟರೆ ಅಂಚು ಸೊಟ್ಟಗಾಗಿ ಮುಂದಿನ ಸಲ ಸೋರುತ್ತದೆ.