ಕಡ್ಲೆ ಗಿಡಕ್ಕೆ ನೀರು ಹಾಕೋ ಮುಂಚೆ ಕ್ಯಾಲೆಂಡರ್ ನೋಡಿ

ಬೆಂಗಳೂರಲ್ಲಿ ಟೆರೇಸ್ ಮೇಲೋ ಖಾಲಿ ಸೈಟಲ್ಲೋ ಕಡ್ಲೆ ಹಾಕೋರು ಟೊಮ್ಯಾಟೊ ಥರಾನೇ ದಿನಾ ನೀರು ಹುಯ್ತಾರೆ, ಗಿಡ ಸತ್ತೋಗೋದು ಅಲ್ಲೇ. ಗದಗ, ಕಲಬುರಗಿ ಕಡೆ ಎರೆ ಭೂಮಿಲಿ ಇದನ್ನ ಹಿಂಗಾರಿಗೆ ಬಿತ್ತಿ, ನೆಲದಲ್ಲಿ ಉಳಿದಿರೋ ತೇವದಲ್ಲೇ ಬೆಳೆ ತೆಗೀತಾರೆ, ಎಷ್ಟೋ ಹೊಲಕ್ಕೆ ಒಂದು ಸಲಾನೂ ನೀರು ಕಟ್ಟಲ್ಲ.

ಮೊದ್ಲು ಟೈಮು. ಅಕ್ಟೋಬರ್ ಜೋರು ಮಳೆ ನಿಂತ ಮೇಲೆ, ನವೆಂಬರ್ ಮಧ್ಯದೊಳಗೆ ಬಿತ್ತಿಬಿಡಿ. ಇನ್ನೂ ಮಳೆ ಹೊಡೀತಿರುವಾಗ್ಲೇ ಹಾಕಿದ್ರೆ ಬುಡ ಕೊಳೆಯುತ್ತೆ, ಇಲ್ಲಾ ಬರೀ ಸೊಪ್ಪು ಬೆಳೆಯುತ್ತೆ. ಆಮೇಲೆ ನೋಡೋಣ ಅಂತ ಡಿಸೆಂಬರ್ ಕೊನೇಗೆ ಹಾಕಿದ್ರೆ ಹೂವು ಕಾಯಿ ಆಗೋ ಹೊತ್ತಿಗೆ ಮಾರ್ಚ್ ಬಿಸಿಲು, 35 ಡಿಗ್ರಿ ದಾಟಿದ್ರೆ ಹೂವು ಉದುರುತ್ತೆ, ಆಗ ಎಷ್ಟು ನೀರು ಹಾಕಿದ್ರೂ ಕಳ್ಕೊಂಡ ಚಳಿ ವಾಪಸ್ ಬರಲ್ಲ.

ಬೀಜಕ್ಕೆ ಜೆಜಿ 11 ಅಥವಾ ಅಣ್ಣಿಗೇರಿ 1 ತಳಿ ಸಿಕ್ಕಿದ್ರೆ ಒಳ್ಳೇದು, ಕುಂಡಕ್ಕಾದ್ರೆ ಅಂಗಡಿ ಇಡಿ ಕಡ್ಲೇನೂ ನಡೆಯುತ್ತೆ (ಹುರಿಗಡ್ಲೆ ಅಲ್ಲ ಮತ್ತೆ!). ಬೀಜಕ್ಕೆ ಟ್ರೈಕೋಡರ್ಮಾ (ರೋಗ ತಡೆಯೋ ಒಳ್ಳೆ ಶಿಲೀಂಧ್ರ) ಹಚ್ಚಿ, ಆಮೇಲೆ ರೈಜೋಬಿಯಂ (ಬೇರಲ್ಲಿ ಗಂಟು ಕಟ್ಟಿಸೋ ಬ್ಯಾಕ್ಟೀರಿಯಾ) ಸವರಿ, ನೆರಳಲ್ಲಿ ಆರಿಸಿ. ಎರಡರಿಂದ ಮೂರಿಂಚು ಆಳ, ಸಾಲಿಗೆ ಒಂದಡಿ, ಗಿಡಕ್ಕೆ ನಾಲ್ಕಿಂಚು. ಯೂರಿಯಾ ಸುರೀಬೇಡಿ, ಬೇರಿನ ಗಂಟುಗಳೇ ಗಾಳಿಯ ಸಾರಜನಕ ಹಿಡ್ಕೊಳ್ತವೆ.

ಈಗ ನೀರು. ಬಿತ್ತುವಾಗ ಮಣ್ಣು ತೇವ ಇರ್ಬೇಕು, ಕೆಸರಾಗಿರಬಾರದು. ನಮ್ಮ ಕಡೆ ಕೆಂಪು ಮಣ್ಣು ಎರೆ ಮಣ್ಣಷ್ಟು ತೇವ ಹಿಡಿಯಲ್ಲ, ಹಾಗಾಗಿ ಪೂರ್ತಿ ನೆಲದ ತೇವ ನಂಬ್ಕೊಂಡು ಕೂರೋಕೂ ಆಗಲ್ಲ. ನೆಲದಲ್ಲಿ ಹಾಕಿದ್ರೆ ಎರಡು ಸಲ ಮುಖ್ಯ: ಹೂವು ಬರೋಕೆ ಮುಂಚೆ, ಅಂದ್ರೆ 30-35 ದಿನಕ್ಕೆ ಒಂದು, ಕಾಯಿ ತುಂಬುವಾಗ, 60-65 ದಿನದ ಸುಮಾರಿಗೆ ಇನ್ನೊಂದು. ಮಧ್ಯೆ ಹೂವು ತುಂಬಿ ನಿಂತಾಗ ಜಾಸ್ತಿ ಕೊಟ್ರೆ ಗಿಡ ಮತ್ತೆ ಚಿಗುರೋಕೆ ಶುರು ಮಾಡಿ ಕಾಯಿ ಮರೆತೇಬಿಡುತ್ತೆ. ಕುಂಡ ಬೇಗ ಒಣಗುತ್ತೆ, ಬೆರಳು ಎರಡಿಂಚು ಇಳಿಸಿ ನೋಡಿ, ಒಣಗಿದ್ರೆ ಮಾತ್ರ ಹಾಕಿ, ತಟ್ಟೇಲಿ ನೀರು ನಿಲ್ಲಬಾರದು. ಮಧ್ಯಾಹ್ನ ಎಲೆ ಸ್ವಲ್ಪ ಬಾಡಿ ಸಂಜೆ ಎದ್ರೆ ಚಿಂತೆ ಇಲ್ಲ. ಬೆಳಿಗ್ಗೇನೂ ಬಾಡೇ ಇದ್ದು ಮಣ್ಣು ಒದ್ದೆ ಇದ್ರೆ ಅದು ಸೊರಗು ರೋಗ ಇರಬಹುದು, ನೀರು ಕೊಟ್ರೆ ಇನ್ನೂ ಕೆಡುತ್ತೆ, ಆ ಗಿಡ ಕಿತ್ತಾಕಿ.

ಒಂದು ತಿಂಗಳ ಗಿಡದ ಕುಡಿ ಚಿವುಟಿದ್ರೆ ಕವಲು ಜಾಸ್ತಿ ಬರುತ್ತೆ, ಚಿವುಟಿದ ಕುಡಿ ಸಾರಿಗೆ. ಎಲೆ ಮೇಲಿನ ಹುಳಿ ಬೆರಳಿಗೆ ಅಂಟುತ್ತೆ, ತೊಳ್ಕೊಳ್ಳಿ.

ಹಸಿ ಕಡ್ಲೆ ಬೇಕಾದ್ರೆ ಕಾಯಿ ತುಂಬಿ ಹಸಿರಿರುವಾಗ್ಲೇ ಕೀಳಿ. ಒಣ ಕಾಳು ಬೇಕಾದ್ರೆ ಎಲೆ ಹಳದಿ ಆಗೋಕೆ ಶುರುವಾದ ತಕ್ಷಣ ನೀರು ನಿಲ್ಲಿಸಿ, ನೂರು ದಿನದ ಆಸುಪಾಸಲ್ಲಿ ಗಿಡ ಸಮೇತ ಕಿತ್ತು ಒಣಗಿಸಿ ಬಡೀರಿ.