ಜರ್ಮನ್ ಕಳ್ಳನಿಗೆ ಕನ್ನಡ ಸಬ್‌ಟೈಟಲ್ ಬರೆಯುವುದು ಹೇಗೆ

ಥಾಮಸ್ ಅರ್ಸ್ಲಾನ್ ನಿರ್ದೇಶನದ ‘ಇಮ್ ಶಟ್ಟೆನ್’ (2010) ಚಿತ್ರದ ಟ್ರೋಯಾನ್ ಕಳ್ಳತನವನ್ನೇ ಕಸುಬು ಮಾಡಿಕೊಂಡವ. ಜೈಲಿನಿಂದ ಹೊರಬಂದು ಬರ್ಲಿನ್‌ನಲ್ಲಿ ಹಳೆಯ ಪಾಲು ಕೇಳುತ್ತಾನೆ, ಹಣ ಸಾಗಿಸುವ ಗಾಡಿಗೆ ಹೊಂಚು ಹಾಕುತ್ತಾನೆ. ಬೆನ್ನಿಗೆ ಒಬ್ಬ ಲಂಚಕೋರ ಪೊಲೀಸ್. ಸುಮಾರು 85 ನಿಮಿಷದ ಚಿತ್ರದಲ್ಲಿ ಮಾತು ಬಹಳ ಕಡಿಮೆ. ಹಾಗಾಗಿ ಸಬ್‌ಟೈಟಲ್ ಕೆಲಸ ಹಗುರ ಅನ್ನಿಸುತ್ತದೆ. ಆದರೆ ಇಲ್ಲಿ ಒಂದು ಸಾಲು ಕೆಟ್ಟರೆ ಅದನ್ನು ಮರೆಮಾಚಲು ಪಕ್ಕದಲ್ಲಿ ಇನ್ನೊಂದು ಸಾಲು ಇರುವುದಿಲ್ಲ. ವಿಜಯಪುರ, ಬಾಗಲಕೋಟೆ ಕಡೆ ಸಭಾಭವನಗಳಲ್ಲಿ ಇಂಥ ಚಿತ್ರ ತೋರಿಸುವವರಿಗಾಗಿ ಇದು. ಹಕ್ಕುದಾರರ ಲಿಖಿತ ಅನುಮತಿ ಮೊದಲು. ಕನ್ನಡ ಸಾಲು ಸೇರಿಸುವುದಕ್ಕೂ ಅದೇ ಪತ್ರದಲ್ಲಿ ಒಪ್ಪಿಗೆ ಕೇಳಿರಿ.

ಇಂಗ್ಲಿಷ್ ಸಬ್‌ಟೈಟಲ್ ಮುಂದಿಟ್ಟುಕೊಂಡು ಅನುವಾದಿಸಬೇಡಿ. ಕಿವಿ ಕೇಳದವರಿಗೆಂದು ಮಾಡಿದ ಜರ್ಮನ್ ಸಬ್‌ಟೈಟಲ್ ಸಿಕ್ಕರೆ ಅದನ್ನು ಹಿಡಿಯಿರಿ, ಇಂಗ್ಲಿಷ್ ಪಕ್ಕದಲ್ಲಿರಲಿ. ಕಾರಣ ಇಷ್ಟೇ: ಜರ್ಮನ್‌ನಲ್ಲಿ ‘ದು’ ಅಂದರೆ ನೀ, ‘ಜೀ’ ಅಂದರೆ ನೀವು. ‘ಕೊಮ್ ರೈನ್’ ಅಂದರೆ ‘ಒಳಗ ಬಾ’. ‘ಕೊಮೆನ್ ಜೀ ರೈನ್’ ಅಂದರೆ ‘ಒಳಗ ಬರ್ರಿ’. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ಮಾತು. ಕಳ್ಳರಿಬ್ಬರ ನಡುವೆ ಎಷ್ಟು ಸಲಿಗೆ, ಎಷ್ಟು ಅನುಮಾನ ಎಂಬುದೆಲ್ಲ ಆ ಒಂದು ‘ರಿ’ಯೊಳಗೆ ಕೂತಿರುತ್ತದೆ. ಕೆಲಸ ಶುರುಮಾಡುವ ಮುಂಚೆ ಒಂದು ಹಾಳೆಯಲ್ಲಿ ಯಾರು ಯಾರಿಗೆ ನೀ, ಯಾರಿಗೆ ನೀವು ಅನ್ನುತ್ತಾರೆ ಎಂದು ಬರೆದಿಡಿ. ನಡುವೆ ಎಲ್ಲಿಯಾದರೂ ಬದಲಾದರೆ ಆ ನಿಮಿಷಕ್ಕೆ ಗುರುತು ಹಾಕಿ.

ಈ ಬಗೆಯ ಚಿತ್ರಗಳಲ್ಲಿ ಬರುವ ಆಡುಮಾತು ಇನ್ನೊಂದು ಗುಂಡಿ. ‘ಬುಲ್ಲೆ’ ಪದದ ಅರ್ಥ ಗೂಳಿ, ಆದರೆ ಬೀದಿಯಲ್ಲಿ ಅದು ಪೊಲೀಸ್. ‘ಕ್ನಾಸ್ಟ್’ ಜೈಲು. ‘ಹೇಲರ್’ ಕದ್ದ ಮಾಲು ಕೊಳ್ಳುವವ. ಧಾರವಾಡ-ವಿಜಯಪುರದ ಮಾತನ್ನು ಎಷ್ಟು ಸುರಿಯಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ರೊಕ್ಕ, ಐತಿ, ಬರ್ರಿ ಸಾಕು. ‘ಲೇ ಮಗನ’ ಎಂದಿರೋ, ಟ್ರೋಯಾನ್ ಕಂಪನಿ ನಾಟಕದ ಹಾಸ್ಯಪಾತ್ರ ಆಗಿಬಿಡುತ್ತಾನೆ. ಸಭೆ ನಕ್ಕ ಮೇಲೆ ಅವನ ಮೌನಕ್ಕೆ ಬೆಲೆ ಇಲ್ಲ.

ಸಾಲು ಹೂಡಲು ‘ಸಬ್‌ಟೈಟಲ್ ಎಡಿಟ್’ ಎಂಬ ತಂತ್ರಾಂಶ ಸಾಕು, ಉಚಿತ. ಒಮ್ಮೆಗೆ ಎರಡೇ ಸಾಲು, ಸಾಲಿಗೆ ಐದಾರು ಪದ. ಒಂದು ಸೆಕೆಂಡಿಗಿಂತ ಕಡಿಮೆ ಬೇಡ, 7 ಸೆಕೆಂಡಿಗಿಂತ ಹೆಚ್ಚು ಬೇಡ. ತಂತ್ರಾಂಶ ತೋರಿಸುವ ಅಕ್ಷರದ ಲೆಕ್ಕವನ್ನು ನಂಬಬೇಡಿ: ‘ಕಾರ್ಯಕ್ರಮ’ ನಮಗೆ ನಾಲ್ಕಕ್ಷರ, ಅದಕ್ಕೆ 9, ಏಕೆಂದರೆ ದೀರ್ಘ, ಒತ್ತು ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ಸಾಲು ಪರದೆ ಮೇಲಿರುವಷ್ಟರಲ್ಲಿ ಬಾಯಿಬಿಟ್ಟು ಓದಿ ಮುಗಿಯುತ್ತದೆಯೇ ನೋಡಿ. ಅದೇ ಸರಿಯಾದ ಅಳತೆ.

ಮಾತಿಗೂ ಸಾಲಿಗೂ ಹೊಂದದಿದ್ದರೆ ಮೊದಲ ನಿಮಿಷ ಮತ್ತು ಕೊನೆಯ ನಿಮಿಷ ಎರಡನ್ನೂ ಪರೀಕ್ಷಿಸಿ. ಎರಡೂ ಕಡೆ ಅಂತರ ಒಂದೇ ಇದ್ದರೆ ಇಡೀ ಕಡತವನ್ನು ಅಷ್ಟು ಸರಿಸಿದರೆ ಮುಗಿಯಿತು. ಅಂತರ ಬೆಳೆಯುತ್ತಾ ಹೋದರೆ ದೋಷ ಫ್ರೇಮ್ ವೇಗದ್ದು. ಯೂರೋಪಿನ ಟಿವಿ, ಡಿವಿಡಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರ ಓಡುತ್ತವೆ. ಸಬ್‌ಟೈಟಲ್ ಅದಕ್ಕೆ ಹೊಂದಿಸಿದ್ದು, ನಿಮ್ಮ ಚಿತ್ರದ ಪ್ರತಿ 24ರದ್ದಾಗಿದ್ದರೆ ಒಂದು ಗಂಟೆ ಕಳೆಯುವಷ್ಟರಲ್ಲಿ ಸಾಲುಗಳು 2 ನಿಮಿಷ 24 ಸೆಕೆಂಡ್ ಮುಂಚೆಯೇ ಬಂದು ನಿಲ್ಲುತ್ತವೆ. ಕೈಯಿಂದ ಎಳೆದಾಡದೆ ತಂತ್ರಾಂಶದಲ್ಲೇ 25ರಿಂದ 24ಕ್ಕೆ ಬದಲಿಸಿ.

ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಯುಟಿಎಫ್-8ರಲ್ಲಿ ಉಳಿಸಿ. ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿ ಬರೆದದ್ದು ಪರದೆ ಮೇಲೆ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಬೀಳುತ್ತದೆ. ಪ್ರೊಜೆಕ್ಟರಿಗೆ ಪೆನ್‌ಡ್ರೈವ್ ನೇರ ಚುಚ್ಚಿದರೆ ಎಷ್ಟೋ ಸಲ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಕೂರುತ್ತದೆ. ಲ್ಯಾಪ್‌ಟಾಪಿನಿಂದಲೇ ಓಡಿಸಿ, ಇಲ್ಲವೇ ‘ಹ್ಯಾಂಡ್‌ಬ್ರೇಕ್’ ಎಂಬ ತಂತ್ರಾಂಶದಲ್ಲಿ ಸಾಲುಗಳನ್ನು ಚಿತ್ರದೊಳಗೇ ಅಚ್ಚೊತ್ತಿಬಿಡಿ. ಅಕ್ಷರ ಬಿಳಿ, ಅಂಚು ದಪ್ಪ ಕಪ್ಪು. ಅಂಚಿಲ್ಲದಿದ್ದರೆ ಕಾರಿನ ಹೆಡ್‌ಲೈಟ್ ಬಂದ ಕೂಡಲೇ ಮಾತು ಮಾಯ.

ಇನ್ನು ಸಭಾಭವನ. ಸಮತಟ್ಟು ನೆಲ, ಪ್ಲಾಸ್ಟಿಕ್ ಕುರ್ಚಿ ಇದ್ದಲ್ಲಿ ಪರದೆಯ ಕೆಳ ಅಂಚು ನೆಲದಿಂದ ನಾಲ್ಕೂವರೆ ಅಡಿ ಮೇಲಿರಲಿ, ಇಲ್ಲದಿದ್ದರೆ ಹಿಂದಿನವರಿಗೆ ಸಬ್‌ಟೈಟಲ್ ಬದಲು ಮುಂದಿನವರ ತಲೆ. ಈ ಚಿತ್ರದಲ್ಲಿ ಕತ್ತಲು ಬಹಳ. ಮೇ ತಿಂಗಳಲ್ಲಿ ವಿಜಯಪುರದಲ್ಲಿ ಸೂರ್ಯ ಮುಳುಗುವುದೇ ಏಳರ ಹತ್ತಿರ. ಏಳೂವರೆಗೆ ಮುಂಚೆ ಶುರುಮಾಡಿದರೆ ಪಡುವಣ ಕಿಟಕಿಯ ಬೆಳಕು ಅರ್ಧ ಚಿತ್ರ ನುಂಗುತ್ತದೆ. ಖಾಲಿ ಆರ್‌ಸಿಸಿ ಕಟ್ಟಡ ದನಿಯನ್ನು ಮರಳಿ ಎಸೆಯುತ್ತದೆ. ಆ ಚಮತ್ಕಾರ ಗೋಳಗುಮ್ಮಟಕ್ಕೇ ಇರಲಿ. ನೆಲಕ್ಕೆ ಜಮಖಾನೆ ಹಾಸಿ, ಪಕ್ಕದ ಗೋಡೆಗೆ ದಪ್ಪ ಬಟ್ಟೆ ಇಳಿಬಿಡಿ. ಪರದೆಯ ಹತ್ತಿರದ ಫ್ಯಾನ್ ನಿಲ್ಲಿಸಿ: ಕೀಲಿ ತಿರುಗುವ ಸದ್ದು, ಕಾರಿನ ಬಾಗಿಲ ಸದ್ದು ಇಲ್ಲಿ ಸಂಭಾಷಣೆಯಷ್ಟೇ ಮುಖ್ಯ.

ನಡುವೆ ಕರೆಂಟ್ ಹೋದರೆ ನಿಂತ ಜಾಗದಿಂದಲೇ ಮುಂದುವರಿಸಬೇಡಿ. ಅರ್ಧ ನಿಮಿಷ ಹಿಂದಕ್ಕೆ ಹೋಗಿ ಚಾಲೂ ಮಾಡಿ. ಟ್ರೋಯಾನ್ ಏನನ್ನು ದಿಟ್ಟಿಸುತ್ತಿದ್ದ ಎಂಬುದು ಅಷ್ಟರಲ್ಲಿ ಎಲ್ಲರಿಗೂ ಮರೆತಿರುತ್ತದೆ.