ಸೊಂಟಕ್ಕೊಂದು ಸೆನ್ಸರ್: ಮೂಳೆ ಸವೆದವರು ಬೀಳುವ ಅಪಾಯ ಅಳೆಯುವುದು

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕಿ) -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ. ಬಿದ್ದರೆ ಮೂಳೆ ತಡೆದೀತೇ ಎನ್ನುವುದಕ್ಕೆ ಅದು ಸುಳಿವು. ಬೀಳುತ್ತಾರೋ ಇಲ್ಲವೋ ಎನ್ನುವುದಕ್ಕೆ ನಡಿಗೆಯನ್ನೇ ನೋಡಬೇಕು. ನಾನು ಬಳಸುವುದು ಒಂದೇ ಸೆನ್ಸರ್. ವೇಗದ ಬದಲಾವಣೆ ಅಳೆಯುವ ಆಕ್ಸೆಲೆರೋಮೀಟರ್, ತಿರುಗುವುದನ್ನು ಅಳೆಯುವ ಗೈರೋಸ್ಕೋಪ್ ಎರಡೂ ಅದರಲ್ಲಿರಬೇಕು, ಸೆಕೆಂಡಿಗೆ 100 ಸಲ ಅಳೆಯಬೇಕು.

ಕಟ್ಟುವುದರಲ್ಲೇ ಅರ್ಧ ಕೆಲಸವಿದೆ. ಎರಡೂ ಪಕ್ಕದ ಸೊಂಟದ ಮೂಳೆಯ ಮೇಲಂಚಿಗೆ ಕೈಯಿಟ್ಟು ಹೆಬ್ಬೆರಳುಗಳನ್ನು ಬೆನ್ನ ನಡುವೆ ಕೂಡಿಸಿದರೆ ಸುಮಾರಾಗಿ ಸೊಂಟದ ನಾಲ್ಕನೇ ಕಶೇರು (ಬೆನ್ನುಮೂಳೆಯ ಮಣಿ) ಸಿಗುತ್ತದೆ. ಸೆನ್ಸರ್ ಅದರ ಕೆಳಗಿನದರ ಮೇಲೆ. ಸೀರೆಯ ಮೇಲೆ ಕಟ್ಟಿದರೆ ಬಟ್ಟೆ ಅಲುಗಾಡಿ ಇಲ್ಲದ ಹೆಜ್ಜೆಗಳೂ ಎಣಿಕೆಗೆ ಬರುತ್ತವೆ. ಆದ್ದರಿಂದ ಚರ್ಮಕ್ಕೇ ಟೇಪು, ಮೇಲೆ ಎಲಾಸ್ಟಿಕ್ ಬೆಲ್ಟು. ಬೆನ್ನುಮೂಳೆ ಈಚೆಗೆ ಕುಸಿದಿದ್ದರೆ ಬೆಲ್ಟು ನೋಯಿಸುತ್ತದೆ, ಟೇಪು ಮಾತ್ರ ಸಾಕು. ವಯಸ್ಸಾದವರ ಚರ್ಮ ತೆಳು, ಟೇಪನ್ನು ಸರ್ರನೆ ಕೀಳಬಾರದು.

ಬೆನ್ನು ಗೂನಾದವರಲ್ಲಿ ಸೆನ್ಸರ್ ನೆಟ್ಟಗೆ ಕೂರುವುದಿಲ್ಲ. 15 ಡಿಗ್ರಿ ವಾಲಿದರೂ ಗುರುತ್ವದ 0.26 ಪಾಲು ಹಿಂದು-ಮುಂದಿನ ಅಕ್ಷಕ್ಕೆ ಸೋರುತ್ತದೆ. 10 ಸೆಕೆಂಡು ಸುಮ್ಮನೆ ನಿಲ್ಲಿಸಿ ಆ ಸರಾಸರಿಯಿಂದ ಲೆಕ್ಕದಲ್ಲಿ ಅಕ್ಷ ತಿರುಗಿಸಿ ನೆಟ್ಟಗೆ ಮಾಡುವುದು ರೂಢಿ. ಆದರೆ ಇವರಲ್ಲಿ ಹಲವರು ನಿಂತಾಗಿನದಕ್ಕಿಂತ ನಡೆಯುವಾಗ ಹೆಚ್ಚು ಬಾಗುತ್ತಾರೆ, ಹಾಗಾಗಿ ನೇರ ನಡಿಗೆಯ ಸರಾಸರಿಯಿಂದಲೇ ತಿದ್ದುವುದು ನನಗೆ ಮೇಲು.

ಮೊದಲ ಪರೀಕ್ಷೆಗೆ 46 ಸೆಂ.ಮೀ. ಎತ್ತರದ ಕೈಕುರ್ಚಿ, 3 ಮೀಟರ್ ದೂರದಲ್ಲಿ ನೆಲಕ್ಕೊಂದು ಗೆರೆ. ಎದ್ದು, ನಡೆದು, ತಿರುಗಿ, ಬಂದು ಕೂರಬೇಕು. 'ಬೇಗ' ಎನ್ನಬೇಡಿ, 'ಅಂಗಡಿಗೆ ಹೋಗೋ ಹಾಗೆ ನಡೀರಮ್ಮ' ಎಂದರೆ ನಿಜವಾದ ನಡಿಗೆ ಬರುತ್ತದೆ. ನಾವು ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ ಇರಬೇಕು. 12 ಸೆಕೆಂಡು ಅಥವಾ ಹೆಚ್ಚಾದರೆ ಅಪಾಯವೆಂಬ ಲೆಕ್ಕವಿದೆ. ಅಷ್ಟಕ್ಕೆ ಗಡಿಯಾರವೇ ಸಾಕಲ್ಲ! ಸೆನ್ಸರ್‌ನ ಉಪಯೋಗ ಬೇರೆಡೆ ಇದೆ: ಇಬ್ಬರಿಗೂ 14 ಸೆಕೆಂಡು ಬಂದಿರಬಹುದು, ಒಬ್ಬರು ಏಳುವಾಗ ತಡಮಾಡಿರುತ್ತಾರೆ, ಇನ್ನೊಬ್ಬರು ತಿರುಗುವಾಗ. ಮೊದಲಿನವರಿಗೆ ತೊಡೆಯ ಬಲ ಹೆಚ್ಚಿಸುವ ವ್ಯಾಯಾಮ, ಎರಡನೆಯವರಿಗೆ ತಿರುಗುವ ಅಭ್ಯಾಸ.

ಹೆಜ್ಜೆಯ ಏರುಪೇರು ನೋಡಲು 10 ಮೀಟರ್ ಸಾಲದು. ಎರಡು ಹೆಜ್ಜೆಯ ಒಂದು ಸುತ್ತು ಸುಮಾರು 1 ಮೀಟರ್ ಎಂದರೂ ಸಿಗುವುದು ಹತ್ತೇ ಸುತ್ತು, ಅದರಲ್ಲಿ ಒಂದು ಎಡವಟ್ಟಾದರೆ ಅಂಕಿಯೇ ಬದಲಾಗುತ್ತದೆ. 20 ಮೀಟರ್ ಪಡಸಾಲೆಯಲ್ಲಿ ನಾಲ್ಕು ಸಲ ನಡೆಸಿ, ಪ್ರತಿ ಸಲವೂ ಎರಡೂ ತುದಿಯ 2.5 ಮೀಟರ್ ಬಿಟ್ಟರೆ ಅರವತ್ತರಷ್ಟು ಸುತ್ತು ಉಳಿಯುತ್ತವೆ. ಸುಸ್ತಾದರೆ ನಡುವೆ ಕೂರಿಸಿ. ಎಂದಿನ ಚಪ್ಪಲಿಯೇ ಇರಲಿ.

ತಲೆಸುತ್ತು, ನಿದ್ದೆ ಮಾತ್ರೆ, ಬಚ್ಚಲಿನ ಮಂಕು ಬೆಳಕು ಸೆನ್ಸರಿಗೆ ಕಾಣವು. 5 ನಿಮಿಷ ಮಲಗಿಸಿ ಬಿಪಿ ನೋಡಿ, ನಿಂತ 1 ಮತ್ತು 3 ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಬೇಕು.

ಟೇಪು ಬಿಡಿಸುವ ಮೊದಲು ಫೈಲ್ ತೆರೆದು ತಿರುವಿನ ಕೋನ ನೋಡಿ. 180 ಡಿಗ್ರಿಯ ಆಸುಪಾಸು ಇರಬೇಕು. 150 ತೋರಿಸಿದರೆ ಸೆನ್ಸರ್ ವಾಲಿದೆ, ಇಲ್ಲವೇ ಗೈರೋಸ್ಕೋಪ್ ಅಲುಗದಿದ್ದಾಗ ಸೊನ್ನೆ ತೋರಿಸುತ್ತಿಲ್ಲ. ಸರಿಪಡಿಸಿ ಇನ್ನೊಮ್ಮೆ ನಡೆಸಿ.